ಎಡಗಡೆಯದು ಜಾರಿದ ಮೇಲೆ

ಈ ಬರಹದಲ್ಲಿ ನಾವು ಅಂದರೆ ಇಬ್ಬರು. ಹಾವೇರಿಯಲ್ಲಿ ಐದು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಒಬ್ಬಳು ಪತ್ರಿಕೆಗೆ ಸುದ್ದಿ ಕಳಿಸುವ ಸ್ಟ್ರಿಂಗರ್, ಇನ್ನೊಬ್ಬಳು ಖಾಸಗಿ ಶಾಲೆಯ ಟೀಚರ್. ಇಬ್ಬರಿಗೂ ಮೂವತ್ತು ದಾಟಿದೆ. ಹೋದ ಏಪ್ರಿಲ್‌ನಲ್ಲಿ ನಮ್ಮಿಬ್ಬರಲ್ಲಿ ಒಬ್ಬಳಿಗೆ ಬೆಂಗಳೂರಿನಲ್ಲಿ ಎದೆಯ ಆಪರೇಷನ್ ಆಯಿತು. ಎರಡೂ ಕಡೆ ಸಿಲಿಕೋನ್ ಇಂಪ್ಲಾಂಟ್ ಹಾಕಿದರು. ಯಾರಿಗೆ ಆಯಿತು ಎಂದು ಬರೆಯುವುದಿಲ್ಲ. ನಮ್ಮ ಓಣಿ, ನಮ್ಮ ಶಾಲೆ, ನಮ್ಮ ಪತ್ರಕರ್ತ ಮಿತ್ರರು ಎಲ್ಲ ಇದೇ ಊರಿನಲ್ಲಿದ್ದಾರೆ, ನಾವೂ ಇಲ್ಲೇ ಬದುಕಬೇಕು. ಅದಕ್ಕೇ ಕೊನೆಯವರೆಗೂ ನಾವು ಎಂದೇ ಬರೆಯುತ್ತೇವೆ. ಹೊಲಿಗೆ ಬಿದ್ದದ್ದು ಒಬ್ಬಳಿಗೆ, ಮಿಕ್ಕದ್ದನ್ನೆಲ್ಲ ಇಬ್ಬರೂ ಹೊತ್ತಿದ್ದೇವೆ.

ಯಾಕೆ ಮಾಡಿಸಿಕೊಂಡಿರಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಎರಡೂ ಮೊಲೆಗಳು ಒಂದೇ ಅಳತೆಯಲ್ಲಿ ಇರುವ ಹೆಂಗಸರು ಕಡಿಮೆ. ಸ್ವಲ್ಪ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ನಮ್ಮಲ್ಲಿ ಅದು ಸ್ವಲ್ಪ ಇರಲಿಲ್ಲ. ಹನ್ನೆರಡು ಹದಿಮೂರನೇ ವಯಸ್ಸಿಗೆ ಬಲಗಡೆ ಬೆಳೆಯಿತು, ಎಡಗಡೆ ಬಹುತೇಕ ಹಾಗೇ ಉಳಿಯಿತು. ಹುಟ್ಟಿನಿಂದಲೇ ಒಂದು ಕಡೆ ಎದೆಯ ಸ್ನಾಯು ಇಲ್ಲದಿರುವ ಸ್ಥಿತಿಯೊಂದಿದೆ, ಪೋಲಂಡ್ ಸಿಂಡ್ರೋಮ್ ಎನ್ನುತ್ತಾರೆ. ಅದೇನೂ ಅಲ್ಲ, ಸ್ನಾಯು ಸರಿಯಾಗಿದೆ ಎಂದರು ಡಾಕ್ಟರು. ಇಪ್ಪತ್ತು ವರ್ಷ ಒಂದು ಕಡೆ ಕರ್ಚೀಫು, ಹತ್ತಿ, ಆಮೇಲೆ ಸ್ಪಂಜು ತುಂಬಿಕೊಂಡು ಓಡಾಡಿದ್ದಾಯಿತು. ಬೇಸಿಗೆಯಲ್ಲಿ ಬೆವರಿಗೆ ಆ ಸ್ಪಂಜು ಜಾರಿ ಬರುತ್ತಿತ್ತು. ಓಡಬೇಕಾದಲ್ಲಿ ಓಡದೆ, ಕೈ ಎತ್ತಬೇಕಾದಲ್ಲಿ ಎತ್ತದೆ ಬದುಕುವುದು ರೂಢಿಯಾಗಿಬಿಟ್ಟಿತ್ತು. ನೋಡಲು ಬಂದ ಗಂಡಿನ ಕಡೆಯವರಿಗೆ ನಾವೇ ಒಲ್ಲೆ ಎಂದು ಹೇಳಿದ್ದರ ಹಿಂದೆಯೂ ಇದೇ ಇತ್ತು. ಅವ್ವನಿಗೆ ಇವತ್ತಿಗೂ ಆ ಕಾರಣ ಗೊತ್ತಿಲ್ಲ.

ದುಡ್ಡು ಎಲ್ಲಿಂದ ಬಂತು ಎಂಬುದೂ ಮುಖ್ಯ. ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುವ ಪತ್ರಿಕೆಯ ಸಂಭಾವನೆ, ಹತ್ತು ತಿಂಗಳಿಗೆ ಮಾತ್ರ ಸಂಬಳ ಕೊಡುವ ಶಾಲೆ, ಇವೆರಡರಲ್ಲಿ ಉಳಿಸಿ ಹಾಕಿದ ಚೀಟಿ ಎತ್ತಿದೆವು. ಒಂದು ಸರ ಒತ್ತೆ ಇಟ್ಟೆವು. ಎಲ್ಲ ಸೇರಿ 1 ಲಕ್ಷ 80 ಸಾವಿರ ಖರ್ಚಾಯಿತು. ಸೌಂದರ್ಯ ಚಿಕಿತ್ಸೆ ಎಂಬ ಹೆಸರು ಬಿದ್ದರೆ ಆರೋಗ್ಯ ವಿಮೆ ಬರುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮಾಡುವ ಮರುಜೋಡಣೆಗೆ ಮಾತ್ರ ಸಾಮಾನ್ಯವಾಗಿ ವಿನಾಯಿತಿ. ಪಕ್ಕದ ತಮಿಳುನಾಡಿನಲ್ಲಿ 2018ರಲ್ಲಿ ಚೆನ್ನೈನ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಈ ಆಪರೇಷನ್ ಉಚಿತವಾಗಿ ಮಾಡುತ್ತೇವೆ ಎಂದು ಘೋಷಿಸಿದಾಗ ಜನರ ತೆರಿಗೆ ಹಣ ಇದಕ್ಕಾ ಎಂಬ ಗಲಾಟೆ ಎದ್ದಿತ್ತು. ಆಗ ಆ ಸುದ್ದಿಯನ್ನು ನಾವೂ ಓದಿ ಮಡಚಿಟ್ಟಿದ್ದೆವು.

ಆಪರೇಷನ್ ಸರಿಯಾಗೇ ಆಯಿತು. ಎಡಕ್ಕೆ 275 ಸಿಸಿ, ಬಲಕ್ಕೆ 150 ಸಿಸಿ ಹಾಕಿದರು. ಎದೆಯ ಸ್ನಾಯುವಿನ ಕೆಳಗೆ ಜಾಗ ಮಾಡಿ ಕೂಡಿಸಿದರು. ಮೊಲೆ ಎದೆಗೆ ಸೇರುವ ಕೆಳಗಿನ ಮಡಿಕೆಯಲ್ಲಿ ಗೀರಿ ಹೊಲಿದಿದ್ದರು, ಗಾಯ ಕಾಣಬಾರದು ಎಂದು. ಎಡಗಡೆ ಆ ಮಡಿಕೆ ಮೊದಲಿಂದಲೂ ಮೇಲೆ ಇತ್ತು, ಬಲಕ್ಕೆ ಸಮ ಮಾಡಲು ಅದನ್ನು ಸ್ವಲ್ಪ ಕೆಳಕ್ಕೆ ಇಳಿಸಿದ್ದೇವೆ ಎಂದರು. ಈ ಒಂದು ಮಾತು ಮುಂದೆ ಬಹಳ ಕೆಲಸಕ್ಕೆ ಬಂತು.

ಊರಿಗೆ ಬಂದ ಮೇಲೆ ಆರು ವಾರ ಭಾರ ಎತ್ತಬಾರದು. ಕೊಡ ಬೇಡ, ಬಕೆಟ್ ಬೇಡ, ಬಟ್ಟೆ ಒಗೆಯುವುದು ಬೇಡ, ಸ್ಕೂಟಿ ಬೇಡ. ಬೋರಿನ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಇದನ್ನು ಮುಚ್ಚಿಡುವುದು ಎಷ್ಟು ಕಷ್ಟ ಎಂದು ಹಳ್ಳಿ, ಪಟ್ಟಣಗಳಲ್ಲಿ ಇರುವವರಿಗೆ ಗೊತ್ತು. ಗಂಟು ತೆಗೆಸಿದ್ದು ಎಂದು ಮನೆ ಓನರ್ ಅಕ್ಕನಿಗೆ ಹೇಳಿದೆವು. ಆಕೆ ದಿನಾ ಬಿಸಿ ಅಂಬಲಿ ಮಾಡಿ ತಂದುಕೊಟ್ಟರು. "ಗಂಟು ಟೆಸ್ಟಿಗೆ ಕಳಿಸ್ಯಾರೇನ? ಏನ ಬಂತು?" ಎಂದು ಕಳವಳದಿಂದ ಕೇಳುತ್ತಿದ್ದರು. ಅಂಬಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇವೆ. ಇಂಪ್ಲಾಂಟ್ ಎಲ್ಲಿ ಕೂತಿದೆ, ಎಲ್ಲಿಗೆ ಸರಿಯುತ್ತಿದೆ ಎಂಬ ಚಿಂತೆ ಬ್ಯಾಂಡೇಜು ಬಿಚ್ಚಿದ ದಿನವೇ ಶುರುವಾಯಿತು. ಎರಡೂ ಕೊರಳ ಎಲುಬಿನ ಹತ್ತಿರಕ್ಕೆ ಏರಿ ಕುಳಿತಂತೆ, ಗಟ್ಟಿಯಾಗಿ, ಮೇಲ್ಭಾಗ ಉಬ್ಬಿದಂತೆ ಕಂಡವು. ಇದು ಸಹಜವಂತೆ. ಹೊಸದಾಗಿ ಎಳೆಸಿಕೊಂಡ ಸ್ನಾಯು ಬಿಗಿಯಾಗಿ ಇಂಪ್ಲಾಂಟನ್ನು ಮೇಲಕ್ಕೆ ತಳ್ಳುತ್ತದೆ. ಬಾವು ಇಳಿದು, ಸ್ನಾಯು ಸಡಿಲವಾಗಿ, ಕೆಳಗಿನ ಚರ್ಮ ಹಿಗ್ಗಿದಂತೆ ಅದು ತನ್ನ ಜಾಗಕ್ಕೆ ಇಳಿಯುತ್ತದೆ. ಅದಕ್ಕೆ ಮೂರರಿಂದ ಆರು ತಿಂಗಳು ಬೇಕು. ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯಬೇಕು ಎಂದೇನಿಲ್ಲ. ಬಲಗೈ ಹೆಚ್ಚು ಬಳಸುವವರಿಗೆ ಬಲಗಡೆ ತಡವಾಗಬಹುದು ಎಂದರು ಡಾಕ್ಟರು. ಹಾಗೇ ಆಯಿತು. ಆರನೇ ವಾರಕ್ಕೆ ಎಡಗಡೆ ಇಳಿದಿತ್ತು, ಬಲಗಡೆ ಇನ್ನೂ ಮೇಲೆಯೇ ಇತ್ತು. ಮೂರನೇ ತಿಂಗಳಿಗೆ ಅದೂ ಇಳಿಯಿತು. ಆ ಹದಿನೈದು ದಿನ, ಜುಲೈ ಮಳೆಯಲ್ಲಿ, ಎರಡೂ ಸಮ ಇದ್ದವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸ್ಪಂಜಿಲ್ಲದೆ ಒದ್ದೆ ಬಟ್ಟೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬಂದೆವು. ಅದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಆದರೆ ಎಡಗಡೆಯದು ಇಳಿಯುವುದನ್ನು ನಿಲ್ಲಿಸಲಿಲ್ಲ.

ವರದಿಗಾರಿಕೆಯಲ್ಲಿ ಕಲಿತದ್ದು ಒಂದೇ: ಅನ್ನಿಸಿದ್ದನ್ನು ಬಿಟ್ಟು ಅಳತೆ ಹಿಡಿಯುವುದು. ದರ್ಜಿಯ ಟೇಪು ತಂದು ತೊಟ್ಟಿನಿಂದ ಕೆಳಗಿನ ಮಡಿಕೆಯವರೆಗೆ ಅಳೆದು, ತಾರೀಖು ಹಾಕಿ, ಮಕ್ಕಳ ಎರಡು ಗೆರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೆವು. ಆರನೇ ವಾರದಲ್ಲಿ ಎಡಕ್ಕೆ ಏಳೂವರೆ ಸೆಂಟಿಮೀಟರ್, ಬಲಕ್ಕೆ ಏಳು. ಐದನೇ ತಿಂಗಳಿಗೆ ಬಲಕ್ಕೆ ಏಳೂವರೆ, ಎಡಕ್ಕೆ ಹತ್ತು. ಮಡಿಕೆಯೊಳಗೆ ಅಡಗಿದ್ದ ಗಾಯದ ಗೆರೆ ಮೇಲೆ ಬಂದು ಮೊಲೆಯ ಮೇಲೆಯೇ ಕಾಣುತ್ತಿತ್ತು. ತೊಟ್ಟು ನೆಟ್ಟಗೆ ಮುಂದಕ್ಕೆ ನೋಡುವುದು ಬಿಟ್ಟು ಮೇಲಕ್ಕೆ ನೋಡುತ್ತಿತ್ತು. ಗಾಯ ಮೇಲೆ ಬಂದಿರಲಿಲ್ಲ, ಇಂಪ್ಲಾಂಟ್ ಅದರ ಕೆಳಕ್ಕೆ ಜಾರಿತ್ತು.

ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದೆವು. ಡಾಕ್ಟರು ಸಿಗಲಿಲ್ಲ, ಕೋಆರ್ಡಿನೇಟರ್ ಎಂಬ ಹುಡುಗಿ ಸಿಕ್ಕಳು. ಫೋಟೋ ವಾಟ್ಸಾಪ್ ಮಾಡಿ ಮೇಡಂ ಎಂದಳು. ಯಾರ ಯಾರ ಫೋನಿಗೆ ಹೋಗುತ್ತದೋ ಎಂಬ ಅಂಜಿಕೆಯಲ್ಲಿ ಅಳತೆ ಮಾತ್ರ ಬರೆದು ಕಳಿಸಿದೆವು. ಎರಡು ದಿನ ಬಿಟ್ಟು ನಾರ್ಮಲ್ ಎಂಬ ಒಂದು ಪದ, ಒಂದು ನಗುಮುಖ ಬಂತು. ಮೂರು ಸಲ ಕೇಳಿದೆವು, ಮೂರು ಸಲವೂ ನಾರ್ಮಲ್.

ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಪ್ಲಾಸ್ಟಿಕ್ ಸರ್ಜನ್ ಹೆಂಗಸು, ಐವತ್ತರ ಮೇಲಿನವರು, ನಮ್ಮ ಕಡೆಯ ಮಾತೇ ಆಡುವವರು. ನೋಟ್‌ಬುಕ್ ನೋಡಿ ಮೊದಲು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಓದಿದರು. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಸೊಂಟದ ಮೇಲೆ ಕೈ ಇಟ್ಟು ಒತ್ತಿ ಎದೆ ಬಿಗಿ ಮಾಡಿಸಿ ನೋಡಿದರು. ಬೆರಳಿನಿಂದ ಕೆಳಗಿನ ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿದರು. ಆಮೇಲೆ ಹೇಳಿದರು:

"ನೋಡವಾ, ಇದು ಕಿಸೆ ಇದ್ದಂಗ. ಇಂಪ್ಲಾಂಟ್ ಹಾಕಿದ ಮ್ಯಾಲೆ ಮೈ ಅದರ ಸುತ್ತ ಒಂದು ಪೊರೆ ಕಟ್ಟತೈತಿ. ಅದು ಎಲ್ಲರಿಗೂ ಕಟ್ಟತೈತಿ, ಅದೇನ ರೋಗ ಅಲ್ಲ. ಕೆಲವರಿಗೆ ಆ ಪೊರೆ ಗಟ್ಟಿಯಾಗಿ ಬಿಗೀತೈತಿ, ಆಗ ಇಂಪ್ಲಾಂಟ್ ಮ್ಯಾಲೆ ಏರತೈತಿ, ಕಲ್ಲಾಗತೈತಿ, ನೋಯತೈತಿ. ನಿನಗ ಆಗಿದ್ದು ಅದರ ಉಲ್ಟಾ. ಕಿಸೆದ ತಳ ಸಡಲ ಆಗೇತಿ. ಭಾರ ತಡಕೊಳ್ಳಾಕ ಆಗವಲ್ದು."

ಇದಕ್ಕೆ ಇಂಗ್ಲಿಷಿನಲ್ಲಿ ಬಾಟಮಿಂಗ್ ಔಟ್ ಎನ್ನುತ್ತಾರೆ. ಕನ್ನಡದಲ್ಲಿ ಹೆಸರಿಲ್ಲ, ತಳ ಜಾರಿದ್ದು ಎಂದು ನಾವು ಕರೆಯುತ್ತೇವೆ. ಎರಡು ಕಾರಣ ಹೇಳಿದರು. ಎಡಕ್ಕೆ ಹಾಕಿದ್ದು ದೊಡ್ಡದು, ಅಲ್ಲಿದ್ದ ಮೈ ಕಡಿಮೆ. ಜೊತೆಗೆ ಮಡಿಕೆ ಕೆಳಗಿಳಿಸಿದ್ದರು. ಆ ಮಡಿಕೆಯೇ ಮೊಲೆಯ ಭಾರ ಹೊರುವ ಕಟ್ಟೆ. ಅದನ್ನು ಬಿಡಿಸಿ ಕೆಳಗೆ ಹೊಸದಾಗಿ ಕಟ್ಟಿದರೆ ಮೊದಲಿನ ಗಟ್ಟಿತನ ಬರುವುದು ಕಷ್ಟ. ಹಾಗಂತ ಬೆಂಗಳೂರಿನವರು ತಪ್ಪು ಮಾಡಿದ್ದಾರೆ ಎಂದು ಆಕೆ ಹೇಳಲಿಲ್ಲ. ಒಳ್ಳೆಯ ಕೈಯಲ್ಲೂ ಇದು ಆಗುತ್ತದೆ, ಆಗಬಹುದು ಎಂದು ಮೊದಲೇ ಹೇಳಿದ್ದರಾ ಎಂಬುದು ಬೇರೆ ಪ್ರಶ್ನೆ ಎಂದರು.

ಬೇರೆ ದಿಕ್ಕಿಗೆ ಜಾರುವುದೂ ಉಂಟಂತೆ. ಜಾಗವನ್ನು ನಡುವೆ ಹೆಚ್ಚು ಬಿಡಿಸಿದರೆ ಎರಡೂ ಹತ್ತಿರ ಬಂದು ನಡುವಿನ ಸಂದು ಮುಚ್ಚಿಹೋಗುತ್ತದೆ. ಪಕ್ಕಕ್ಕೆ ಹೆಚ್ಚು ಬಿಡಿಸಿದರೆ ಮಲಗಿದಾಗ ಕಂಕುಳಿಗೆ ಹೋಗಿ ಬೀಳುತ್ತವೆ. ಮಲಗಿದಾಗ ಸ್ವಲ್ಪ ಪಕ್ಕಕ್ಕೆ ಸರಿಯುವುದು ಮಾತ್ರ ಸಹಜ, ನಮ್ಮ ಮೈಯಂತೆಯೇ. ಸ್ನಾಯುವಿನ ಕೆಳಗೆ ಹಾಕಿದವರಿಗೆ ಎದೆ ಬಿಗಿ ಹಿಡಿದಾಗ ಇಂಪ್ಲಾಂಟ್ ಅಲುಗಾಡುವುದು ಕಾಣಬಹುದು. ಹನಿಯ ಆಕಾರದ ಇಂಪ್ಲಾಂಟ್ ಆದರೆ ಒಳಗೇ ತಿರುಗಿ ಆಕಾರ ಕೆಡಬಹುದು. ನಮ್ಮದು ದುಂಡನೆಯದು, ತಿರುಗಿದರೂ ಗೊತ್ತಾಗುವುದಿಲ್ಲ.

ಪ್ರಾಣಕ್ಕೆ ಅಪಾಯ ಇಲ್ಲ, ಓಡಿಬರುವ ತುರ್ತು ಇಲ್ಲ ಎಂದು ಕೇಳಿದ ಮೇಲೆಯೇ ನಾವು ಚಹಾ ಕುಡಿದದ್ದು. ಯಾವಾಗ ಓಡಿಬರಬೇಕು ಎಂದೂ ಬರೆಸಿಕೊಂಡೆವು. ಒಂದೇ ಕಡೆ ದಿಢೀರನೆ ಊದಿದರೆ, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಗಾಯದಿಂದ ನೀರು ಒಸರಿದರೆ ಅವತ್ತೇ ಬರಬೇಕು. ವರ್ಷಗಳಾದ ಮೇಲೆ ಕಾರಣವಿಲ್ಲದೆ ಒಂದು ಕಡೆ ಊದಿಕೊಂಡರೂ ಸುಮ್ಮನಿರಬಾರದು. ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟುಗಳ ಸುತ್ತ ಬಲು ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಬರುವುದು ಕಂಡುಬಂದಿದೆ. ಆ ಕಾರಣಕ್ಕೇ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ತರಿ ಇಂಪ್ಲಾಂಟುಗಳನ್ನು ಜಗತ್ತಿನ ಎಲ್ಲ ಕಡೆಯಿಂದ ವಾಪಸು ಪಡೆಯಿತು.

ಇದನ್ನು ಕೇಳಿದಾಗ ಎದ್ದ ಪ್ರಶ್ನೆ: ನಮ್ಮೊಳಗೆ ಇರುವುದು ಯಾವ ಕಂಪನಿಯದು, ನುಣುಪಾದದ್ದೋ ತರಿಯಾದದ್ದೋ? ಡಿಸ್ಚಾರ್ಜ್ ಕಾಗದದಲ್ಲಿ ಬೈಲ್ಯಾಟರಲ್ ಇಂಪ್ಲಾಂಟ್ ಎಂದಷ್ಟೇ ಇತ್ತು. ಪ್ರತಿ ಇಂಪ್ಲಾಂಟಿನ ಜೊತೆ ಕಂಪನಿ ಹೆಸರು, ಅಳತೆ, ಲಾಟ್ ನಂಬರು, ಸೀರಿಯಲ್ ನಂಬರು ಇರುವ ಸ್ಟಿಕ್ಕರ್ ಬರುತ್ತದೆ. ಒಂದನ್ನು ಕೇಸ್ ಶೀಟಿಗೆ ಅಂಟಿಸಿ, ಇನ್ನೊಂದನ್ನು ರೋಗಿಗೆ ಕಾರ್ಡಿನ ಮೇಲೆ ಅಂಟಿಸಿ ಕೊಡಬೇಕು. ನಮಗೆ ಕಾರ್ಡು ಸಿಕ್ಕಿರಲಿಲ್ಲ. ಫೋನಿನಲ್ಲಿ ಕೇಳಿದರೆ ಡಾಕ್ಟರ್ ಬಂದ ಮೇಲೆ ಎಂದರು.

ಇಲ್ಲಿ ಸ್ಟ್ರಿಂಗರ್ ಕೆಲಸ ನೆರವಿಗೆ ಬಂತು. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಧ ಪುಟದ ಅರ್ಜಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಅದರದೇ ಇಮೇಲ್ ಕೂಡ ಹಾಕಿದೆವು. ಪತ್ರಕರ್ತರು ಎಂದು ಎಲ್ಲಿಯೂ ಬರೆಯಲಿಲ್ಲ, ರೋಗಿ ಎಂದಷ್ಟೇ ಬರೆದೆವು. ನಾಲ್ಕನೇ ದಿನ 38 ಪುಟದ ಸ್ಕ್ಯಾನ್ ಬಂತು. ಎರಡು ಸ್ಟಿಕ್ಕರುಗಳೂ ಅದರಲ್ಲಿದ್ದವು. ಮೇಲ್ಮೈ ನುಣುಪಾದದ್ದು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅದೇ 38 ಪುಟದಲ್ಲಿ ಒಪ್ಪಿಗೆ ಪತ್ರವೂ ಇತ್ತು. ಇಂಗ್ಲಿಷಿನಲ್ಲಿ ಆರು ಪುಟ. ಆಪರೇಷನ್ನಿನ ಹಿಂದಿನ ರಾತ್ರಿ ಎಂಟು ಗಂಟೆಗೆ, ಕೈಗೆ ಸೂಜಿ ಚುಚ್ಚಿದ ಮೇಲೆ ತಂದಿದ್ದರು. ಐದನೇ ಪುಟದಲ್ಲಿ ಇಂಪ್ಲಾಂಟ್ ಸ್ಥಾನ ಬದಲಾಗಬಹುದು ಎಂಬ ಅರ್ಧ ಸಾಲು ಇದೆ. ಬಾಯಿಮಾತಿನಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಎಂದರೆ ಏನು ಎಂದು ವಿವರವಾಗಿ ಹೇಳಿದೆ: ಚಿಕಿತ್ಸೆ ಯಾವ ಬಗೆಯದು, ಲಾಭ ಏನು, ಬೇರೆ ದಾರಿ ಏನು, ಅಪಾಯ ಏನು ಎಂದು ಸಾಕಷ್ಟು ತಿಳಿಸಿ ಪಡೆದದ್ದೇ ಒಪ್ಪಿಗೆ. ಅಮೆರಿಕದ ಎಫ್‌ಡಿಎ 2021ರಿಂದ ಇಂಪ್ಲಾಂಟ್ ಹಾಕಿಸಿಕೊಳ್ಳುವವರಿಗೆ ಅಪಾಯಗಳ ಪಟ್ಟಿಯೊಂದನ್ನು ಓದಿಸಿ ಸಹಿ ಪಡೆಯುವ ವ್ಯವಸ್ಥೆ ಮಾಡಿದೆ. ಇವು ಜೀವನಪೂರ್ತಿ ಬಾಳುವ ವಸ್ತುಗಳಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿ ಇದೆ. ಸಿಲಿಕೋನ್ ಇಂಪ್ಲಾಂಟ್ ಇದ್ದವರು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿಕೊಂಡು ಒಳಗೆ ಒಡೆದಿಲ್ಲವೆಂದು ನೋಡಿಕೊಳ್ಳಬೇಕು ಎಂಬುದೂ ಅವರ ಸಲಹೆ. ಹುಬ್ಬಳ್ಳಿಯ ಡಾಕ್ಟರು ಇದನ್ನು ಹೇಳುವವರೆಗೆ ಆ ಖರ್ಚು ನಮ್ಮ ಲೆಕ್ಕದಲ್ಲಿ ಇರಲಿಲ್ಲ, ಯಾರೂ ಹಾಕಿಸಿಯೂ ಇರಲಿಲ್ಲ.

ಕೇಸು ಹಾಕಿ ಎಂದರು ವಕೀಲ ಮಿತ್ರರೊಬ್ಬರು. 1995ರ ವಿ.ಪಿ. ಶಾಂತಾ ತೀರ್ಪಿನ ನಂತರ ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ. ದೂರು ಕೊಡಲು 2 ವರ್ಷ ಸಮಯವಿದೆ. ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲನ್ನು ಸುದ್ದಿಗಾಗಿ ಎಷ್ಟೋ ಸಲ ಹತ್ತಿದ್ದೇವೆ, ಅಲ್ಲಿಯ ಗುಮಾಸ್ತರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರೂ ಪರಿಚಯ. ತೊಂದರೆ ಇರುವುದೇ ಅಲ್ಲಿ. ಅಲ್ಲಿ ದೂರು ದಾಖಲಾದ ದಿನ ಸಂಜೆಯೇ ಅದು ನಮ್ಮದೇ ವೃತ್ತಿಯ ಗೆಳೆಯರ ವಾಟ್ಸಾಪ್ ಗುಂಪಿಗೆ ಬರುತ್ತದೆ.

ಆ ಗುಂಪಿನಲ್ಲಿ ಏನು ಬರುತ್ತದೆ ಎಂದೂ ಗೊತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ಆದ ಮೇಲೆ ಕಿರುತೆರೆಯ ಎಳೆಯ ನಟಿಯೊಬ್ಬರು ತೀರಿಕೊಂಡರು. ಅವತ್ತು ನಮ್ಮ ಗುಂಪಿನಲ್ಲಿ ಬಂದ ಮಾತು "ಇದೆಲ್ಲ ಬೇಕಿತ್ತಾ?" ಅರಿವಳಿಕೆ ಯಾರು ಕೊಟ್ಟರು, ಅಲ್ಲಿ ಐಸಿಯು ಇತ್ತಾ ಎಂದು ಕೇಳಿದವರು ಕಡಿಮೆ. ಸ್ತನ ಎಂಬ ಪದ ನಮ್ಮ ಜಿಲ್ಲಾ ಪುಟಕ್ಕೆ ವರ್ಷಕ್ಕೆ ಎರಡು ಸಲ ಬರುತ್ತದೆ. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ, ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಜಾಗೃತಿ ಜಾಥಾ. ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ರೋಗಿ. ಇವೆರಡೂ ಆಗದ ಹೆಂಗಸು ತನ್ನ ಎದೆ ನೋಯುತ್ತಿದೆ, ಜಾರುತ್ತಿದೆ ಎಂದರೆ ಅದನ್ನು ಯಾವ ಪುಟಕ್ಕೆ ಹಾಕುವುದು ಎಂದು ಡೆಸ್ಕಿಗೂ ತಿಳಿಯುವುದಿಲ್ಲ.

ಈ ಆಪರೇಷನ್ ಶುರುವಾಗಿ ಅರವತ್ತು ವರ್ಷ ದಾಟಿದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಂಗಸಿಗೆ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದರು. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. 1992ರಲ್ಲಿ ಅಮೆರಿಕ ಸಿಲಿಕೋನ್ ಇಂಪ್ಲಾಂಟುಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಹಾಕಿತು, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬುತ್ತಿದ್ದದ್ದು ಬಯಲಾಯಿತು, ಅದರ ಮಾಲೀಕನಿಗೆ 2013ರಲ್ಲಿ ಜೈಲು ಶಿಕ್ಷೆ ಆಯಿತು. ಇಷ್ಟೂ ಕಾಲ ಏನಾದರೂ ಬದಲಾಗಿದ್ದರೆ, ಹಾಕಿಸಿಕೊಂಡ ಹೆಂಗಸರು ನನಗೆ ಹೀಗಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದರಿಂದ, ದಾಖಲೆ ಇಟ್ಟುಕೊಂಡಿದ್ದರಿಂದ. ನಮ್ಮ ನೋಟ್‌ಬುಕ್ಕಿನ ಮೇಲೆ ಆಗ ಸ್ವಲ್ಪ ಗೌರವ ಬಂತು.

ಕೇಸು ಸದ್ಯಕ್ಕೆ ಹಾಕಿಲ್ಲ. ಗಡುವು ಮುಗಿಯಲು ಇನ್ನೂ ವರ್ಷವಿದೆ, ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಅದಕ್ಕಿಂತ ಮೊದಲು ಮೈ ಸರಿಯಾಗಬೇಕು. ಬಿಟ್ಟರೆ ತಾನಾಗಿ ಮೇಲೆ ಬರುತ್ತದಾ ಎಂದು ಕೇಳಿದ್ದೆವು. ಇಲ್ಲ, ಜಾರಿದ್ದು ವ್ಯಾಯಾಮದಿಂದಲೋ ಬಿಗಿ ಬ್ರಾದಿಂದಲೋ ಏರುವುದಿಲ್ಲ, ಬ್ರಾ ಇನ್ನಷ್ಟು ಜಾರದಂತೆ ತಡೆಯಬಹುದು ಎಂದರು ಹುಬ್ಬಳ್ಳಿ ಡಾಕ್ಟರು. ಮಾಡಬೇಕಾದ ಕೆಲಸ ಕಿಸೆಯ ತಳವನ್ನು ಒಳಗಿನಿಂದ ಹೊಲಿದು ಮೇಲಕ್ಕೆ ಎತ್ತುವುದು, ಬೇಕಾದರೆ ಜಾಳಿಗೆಯ ಆಸರೆ ಕೊಡುವುದು, 275ರ ಬದಲು ಚಿಕ್ಕದು ಹಾಕುವುದು. ಚಿಕ್ಕದು ಹಾಕಿದರೆ ಎರಡೂ ಕಡೆ ಪೂರ್ತಿ ಸಮ ಬರುವುದಿಲ್ಲ. ಹೊಲಿದ ಮೇಲೂ ಮತ್ತೆ ಜಾರಬಹುದು. ಇದನ್ನೆಲ್ಲ ಆಕೆ ಬಾಯಿಬಿಟ್ಟು ಹೇಳಿದರು, ಖರ್ಚು 95 ಸಾವಿರ ಎಂದೂ ಹೇಳಿದರು. ಇಂಪ್ಲಾಂಟ್ ತೆಗೆಸಿಬಿಟ್ಟು ಮೊದಲಿನಂತೆ ಇರುವುದೂ ಒಂದು ದಾರಿ, ಅದರಲ್ಲಿ ಸೋಲು ಅನ್ನುವುದು ಏನಿಲ್ಲ ಎಂದರು.

ಮೂರು ವಾರ ಯೋಚಿಸಿದೆವು. ಒಂದು ರಾತ್ರಿ ತೆಗೆಸುವುದು, ಮರುದಿನ ಹೊಲಿಸುವುದು. ಸ್ಪಂಜಿನ ಡಬ್ಬಿ ಇನ್ನೂ ಟ್ರಂಕಿನಲ್ಲೇ ಇದೆ. ಕೊನೆಗೆ ಹೊಲಿಸುವುದು ಎಂದಾಯಿತು. ಪೂರ್ತಿ ಸಮ ಬೇಡ, ಜುಲೈನಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದಷ್ಟು ಸಿಕ್ಕರೆ ಸಾಕು.

ಒಂದು ಷರತ್ತು ಹಾಕಿದೆವು: ಒಪ್ಪಿಗೆ ಪತ್ರ ಒಂದು ವಾರ ಮೊದಲು ಬೇಕು, ಕನ್ನಡದಲ್ಲಿ ಬೇಕು. ಕನ್ನಡದ್ದು ನಮ್ಮಲ್ಲಿ ಇಲ್ಲವಲ್ಲ ಎಂದರು ಡಾಕ್ಟರು. ನಾವೇ ಬರೆದುಕೊಡುತ್ತೇವೆ, ನೀವು ತಿದ್ದಿ ಎಂದೆವು. ಎರಡು ಭಾನುವಾರ ಕೂತು ಬರೆದೆವು. ಪೊರೆ, ಕಿಸೆ, ತಳ ಜಾರುವುದು, ಪಕ್ಕಕ್ಕೆ ಸರಿಯುವುದು, ಸ್ಪರ್ಶ ಕಡಿಮೆಯಾಗುವುದು, ಮುಂದೆ ಬದಲಿಸಬೇಕಾಗುವುದು, ಸ್ಕ್ಯಾನಿನ ಖರ್ಚು, ಕಾರ್ಡು ಕೊಡುವುದು, ಎಲ್ಲ ಎರಡೂವರೆ ಪುಟದಲ್ಲಿ ಹಿಡಿಯಿತು. ಆಕೆ ಕೆಂಪು ಪೆನ್ನಿನಲ್ಲಿ ನಾಲ್ಕು ಕಡೆ ತಿದ್ದಿದರು, ಬೇರೆ ಪೇಷಂಟುಗಳಿಗೂ ಕೊಡಲೇ ಎಂದು ಕೇಳಿದರು. ಕೊಡಿ ಎಂದೆವು. ಇಲ್ಲಿ ಬರೆಯುವ ಗೆಳೆಯರಲ್ಲಿ ಯಾರಿಗಾದರೂ, ನಿಮ್ಮ ಅಕ್ಕತಂಗಿಯರಿಗಾದರೂ ಬೇಕಿದ್ದರೆ ಕೇಳಿ, ಕಳಿಸುತ್ತೇವೆ. ಯಾರಿಗೆ ಬೇಕು ಎಂದು ನಾವೂ ಕೇಳುವುದಿಲ್ಲ.

ಆಪರೇಷನ್ ಫೆಬ್ರುವರಿ ಎರಡನೇ ವಾರ. ಶಾಲೆಗೂ ಪತ್ರಿಕೆಗೂ ಒಟ್ಟಿಗೇ ರಜೆ ಹೇಳಿದ್ದೇವೆ. ನೀರು ಬರುವ ದಿನ ಕೊಡ ತುಂಬಿಸಿಕೊಡಲು ಪಕ್ಕದ ಮನೆಯ ಹುಡುಗನಿಗೆ ಹೇಳಿಟ್ಟಿದ್ದೇವೆ. ಓನರ್ ಅಕ್ಕನಿಗೆ ಮೊನ್ನೆ ನಿಜ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, "ಹಂಗಾರ ಗಂಟಿಲ್ಲ ಹೌದಿಲ್ಲೋ? ನಾ ಎಷ್ಟ ಅಂಜಿದ್ನಿ" ಎಂದರು.